ಷಡ್ಡಕನ ಸ್ಟಡ್ಡು

ಆ ಮನೆಗೆ ಅಳಿಯಂದಿರು ಇಬ್ಬರು. ದೊಡ್ಡಳಿಯ ಹಲ್ಲಿನ ಡಾಕ್ಟರು, ಚಿಕ್ಕಳಿಯ ಗ್ಯಾರೇಜಿನವನು. ದೊಡ್ಡಳಿಯ ಬಂದರೆ ಮಾವ ಕುರ್ಚಿಯಿಂದ ಎದ್ದು, "ಬನ್ನಿ ಬನ್ನಿ ಡಾಕ್ಟ್ರೇ" ಅನ್ನುತ್ತಿದ್ದರು. ಚಿಕ್ಕಳಿಯ ಬಂದರೆ ಕೂತಲ್ಲಿಂದಲೇ, "ಬಂದ್ಯಾ? ಒಳ್ಳೇದಾಯ್ತು. ಆ ಬಚ್ಚಲ ನಲ್ಲಿ ಸೋರ್ತಾ ಇದೆ, ಸ್ವಲ್ಪ ನೋಡು" ಅನ್ನುತ್ತಿದ್ದರು. ಕಾರು ರಿಪೇರಿ ಬಲ್ಲವನಿಗೆ ನಲ್ಲಿ ರಿಪೇರಿಯೂ ಬರುತ್ತದೆ ಎಂಬುದು ಅವರ ನಂಬಿಕೆ. ಬರುತ್ತಿತ್ತು ಕೂಡ. ತೊಂದರೆ ಇದ್ದದ್ದೇ ಅಲ್ಲಿ.

ಆದರೆ ನಲ್ಲಿಗಾಗಿ ಯಾರೂ ಕೊಲೆ ಮಾಡುವುದಿಲ್ಲ. ಚಿಕ್ಕಳಿಯನ ತಲೆಗೆ ಕೊಲೆಯ ಯೋಚನೆ ಹೊಕ್ಕದ್ದು ಕಾರಿನ ದೆಸೆಯಿಂದ.

ಮಾವನ ಹಿತ್ತಲ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ಬಿದ್ದುಕೊಂಡಿತ್ತು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಮೂತಿ ಉದ್ದ. ಮಾವ ವಯಸ್ಸಿನಲ್ಲಿ ಓಡಿಸಿ ಮೆರೆದದ್ದು. ಆಮೇಲೆ ಎಂಜಿನ್ನು ಕಚ್ಚಿಕೊಂಡು ನಿಂತಿತು, ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದವು. ಮದುವೆಯಾದ ಹೊಸತರಲ್ಲಿ ಆ ಟಾರ್ಪಾಲನ್ನು ಎತ್ತಿ ನೋಡುತ್ತ ನಿಂತ ಚಿಕ್ಕಳಿಯ ಊಟಕ್ಕೆ ಕರೆದರೂ ಬಂದಿರಲಿಲ್ಲ. ತನ್ನನ್ನು ಹಾಗೆ ಒಂದು ದಿನವಾದರೂ ನೋಡಿದ್ದುಂಟಾ ಎಂದು ಹೆಂಡತಿ ಈಗಲೂ ಕೇಳುತ್ತಾಳೆ. ವರ್ಷಗಟ್ಟಲೆ ರಜೆಯ ದಿನಗಳನ್ನೆಲ್ಲ ಅವನು ಆ ಶೆಡ್ಡಿಗೆ ಸುರಿದ. ಎಲ್ಲೂ ಸಿಗದ ಭಾಗಗಳನ್ನು ತಾನೇ ಕಡೆದು ಮಾಡಿದ. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದ, ಮನಸ್ಸಿಗೆ ಬರುವತನಕ ಉಜ್ಜಿ ಉಜ್ಜಿ ಬಣ್ಣ ಬಳಿದ. ಎಂಜಿನ್ನು ಮೊದಲ ಸಲ ಗುಡುಗಿದ ದಿನ ಮಾವ ಕಣ್ಣೊರೆಸಿಕೊಂಡರು. ಮುಂದಿನ ವಾರ ಕೀಲಿಯನ್ನು ದೊಡ್ಡಳಿಯನ ಕೈಗೆ ಕೊಟ್ಟರು.

"ಅವ್ರಿಗೆ ಒಪ್ಪುತ್ತೆ ಕಣಪ್ಪಾ," ಅಂದರು ಚಿಕ್ಕಳಿಯನಿಗೆ. "ನಿಂಗೆ ಬೆಳಗಾದ್ರೆ ಕಾರಿನ ಸಹವಾಸವೇ, ಇನ್ನೊಂದು ಯಾಕೆ? ಏನಾದ್ರೂ ಕೆಟ್ರೆ ನೋಡ್ಕೊಳೋಕೆ ಹೇಗೂ ನೀನಿದ್ದೀಯಲ್ಲ."

ಹಾಗೆ ಕಾರು ದೊಡ್ಡಳಿಯನದಾಯಿತು, ಅದರ ಕೆಲಸ ಮಾತ್ರ ಚಿಕ್ಕಳಿಯನಿಗೇ ಉಳಿಯಿತು. ಅದು ಬಿಟ್ಟಿ ಚಾಕರಿ ಅಲ್ಲಪ್ಪಾ, ಮನೆಯವನು ಅನ್ನೋ ವಿಶ್ವಾಸ ಎಂದು ಎಲ್ಲರೂ ಸಮಾಧಾನ ಹೇಳಿದರು. ಅಳಿಯ ಅಲ್ಲ, ಮಗಳ ಗಂಡ.

ಇದನ್ನೂ ಅವನು ನುಂಗಿಕೊಂಡಿದ್ದ. ನುಂಗಲಾಗದ್ದು ಎದುರಾದದ್ದು ಹಲ್ಲುನೋವಿನ ದಿನ. ಷಡ್ಡಕನ ಕ್ಲಿನಿಕ್ಕಿನ ಗೋಡೆಯ ಮೇಲೆ ಆಳೆತ್ತರದ ಫೋಟೋ ತೂಗುತ್ತಿತ್ತು: ಒಂದು ಕಲೆಯೂ ಇಲ್ಲದ ನೀಲಿ ಮೇಲಂಗಿ ತೊಟ್ಟು, ಸ್ಪ್ಯಾನರನ್ನು ಹೂವಿನ ಗೊಂಚಲಿನಂತೆ ಎದೆಗೆ ಹಿಡಿದು, ಕೆಂಪು ಕಾರಿಗೆ ಒರಗಿ ನಿಂತ ದೊಡ್ಡಳಿಯ. ಅದನ್ನು ನೋಡಿ ಚಿಕ್ಕಳಿಯ ಬಾಯಿ ತೆರೆದ. ತೆರೆದ ಬಾಯಿಗೆ ಷಡ್ಡಕ ಹತ್ತಿ ತುರುಕಿ, ನರ್ಸಿನ ಕಡೆ ತಿರುಗಿದ.

"ಆ ಎಂಜಿನ್ ಬಿಚ್ಚಿ ಜೋಡಿಸೋಕೆ ನಾನು ಪಟ್ಟ ಪಾಡು ನಂಗೊಬ್ಬನಿಗೇ ಗೊತ್ತು ಸಿಸ್ಟರ್. ಕೈಯೆಲ್ಲಾ ಬೊಬ್ಬೆ. ಬೇಕಾದ್ರೆ ಇವನನ್ನೇ ಕೇಳಿ, ಪಕ್ಕದಲ್ಲೇ ಇದ್ದ. ಅಲ್ವೇನಯ್ಯಾ ಸ್ಪ್ಯಾನರ್?"

ಸ್ಪ್ಯಾನರ್ ಎಂಬುದು ಅವನು ಪ್ರೀತಿಯಿಂದ ಇಟ್ಟ ಹೆಸರು. ಚಿಕ್ಕಳಿಯ "ಅಲ್ಲ!" ಎಂದು ಅರಚಿದ. ಬಾಯಲ್ಲಿ ಹತ್ತಿ ಇದ್ದುದರಿಂದ ಅದು "ಹಾಂ" ಎಂದು ಹೊರಬಂತು.

"ನೋಡಿದ್ರಾ, ಹೂಂ ಅಂತಿದ್ದಾನೆ," ಅಂದ ಷಡ್ಡಕ, ಹಲ್ಲು ಕಿತ್ತು ತಟ್ಟೆಗೆ ಹಾಕಿದ. ಕಾರೂ ಹೋಯಿತು, ಹೆಸರೂ ಹೋಯಿತು, ಮೇಲೊಂದು ದವಡೆ ಹಲ್ಲೂ ಹೋಯಿತು. ಇಕ್ಕಳ ಹಿಡಿದು ಕೀಳುವುದೊಂದು ಬಿಟ್ಟರೆ ಈ ಮನುಷ್ಯನಿಗೆ ಮತ್ತೇನು ಬರುತ್ತದೆ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ಹೊಟ್ಟೆ ಉರಿಯಿತು.

ಅಷ್ಟಾದರೂ ಕೊಲೆಯ ಮಾತು ದೂರವೇ ಇತ್ತು. ಅದನ್ನು ಹತ್ತಿರಕ್ಕೆ ತಂದವನು ಸ್ವತಃ ಷಡ್ಡಕ. ಎಲ್ಲರೂ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವನು ಶುರುಮಾಡಿದ: "ಕಾರಿನ ಚಕ್ರ ಗಮನಿಸಿದ್ದೀರಾ ಮಾವ? ವಸಡೊಳಗೆ ಹಲ್ಲು ಹೂತ ಹಾಗೆ ಒಳಗೆ ಕೂತಿವೆ. ಸ್ಪೇಸರ್ ಹಾಕಿ ಸ್ವಲ್ಪ ಹೊರಗೆ ತಂದ್ರೆ ಇದರ ಗತ್ತೇ ಬೇರೆ. ಮುಂದಿನ ತಿಂಗಳು ಹಳೇ ಕಾರು ಕ್ಲಬ್ಬಿನವರೆಲ್ಲ ಬೆಟ್ಟದ ಬುಡದಲ್ಲಿ ಸೇರ್ತಾರೆ, ಅಷ್ಟರೊಳಗೆ ಆಗ್ಬೇಕು."

ಸ್ಪೇಸರ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಚಕ್ರ ಕೂರುವ ಹಬ್ಬಿನಿಂದ ಸ್ಟಡ್ಡುಗಳು, ಅಂದರೆ ಥ್ರೆಡ್ಡಿನ ಸುರುಳಿ ಕೊರೆದ ಉಕ್ಕಿನ ಗೂಟಗಳು, ಹೊರಕ್ಕೆ ಚಾಚಿಕೊಂಡಿರುತ್ತವೆ. ಅವುಗಳಿಗೆ ಚಕ್ರವನ್ನು ತೂರಿಸಿ, ನಟ್ಟು ತಿರುಗಿಸಿ ಬಿಗಿಯುತ್ತಾರೆ. ಹಬ್ಬಿಗೂ ಚಕ್ರಕ್ಕೂ ನಡುವೆ ಕಿರುಬೆರಳ ದಪ್ಪದ ಒಂದು ಬಿಲ್ಲೆ ಇಟ್ಟರೆ ಚಕ್ರ ಅಷ್ಟು ಹೊರಗೆ ಬರುತ್ತದೆ. ಆದರೆ ಸ್ಟಡ್ಡಿನ ಉದ್ದದಲ್ಲಿ ಅಷ್ಟನ್ನು ಆ ಬಿಲ್ಲೆಯೇ ತಿಂದುಹಾಕುತ್ತದೆ, ನಟ್ಟಿಗೆ ಹಿಡಿಯಲು ಬರೀ ತುದಿ ಉಳಿಯುತ್ತದೆ. ಅದಕ್ಕೇ ಮೊದಲು ಹಳೆಯ ಸ್ಟಡ್ಡುಗಳನ್ನು ಹೊಡೆದು ತೆಗೆದು ಉದ್ದನೆಯವನ್ನು ಕೂರಿಸಬೇಕು. ಇದು ತಿಳಿಯದೆ ಗಿಡ್ಡ ಸ್ಟಡ್ಡಿನ ಮೇಲೆ ಸ್ಪೇಸರ್ ಹಾಕಿ, ತನ್ನ ಚಕ್ರ ತನ್ನನ್ನೇ ಹಿಂದೆ ಹಾಕಿ ಉರುಳಿ ಹೋಗುವುದನ್ನು ನೋಡಿದ ಶೋಕಿಲಾಲರ ಕತೆ ಪ್ರತಿ ಗ್ಯಾರೇಜಿನಲ್ಲೂ ಒಂದೊಂದು ಇರುತ್ತದೆ.

ಚಿಕ್ಕಳಿಯ ಇದನ್ನೆಲ್ಲ ಪ್ರಾಮಾಣಿಕವಾಗಿಯೇ ಹೇಳಿದ. "ಬೇಡ ಭಾವ. ಹಳೇ ಹಬ್ಬು, ಹಳೇ ಬೇರಿಂಗು. ಸ್ಟಡ್ಡು ಬದಲಾಯಿಸದೇ ಹಾಕಿದ್ರಂತೂ ಜೀವಕ್ಕೇ ಸಂಚಕಾರ. ನಾನು ಮಾತ್ರ ಆ ಕಾರಿಗೆ ಸ್ಪೇಸರ್ ಹಾಕಲ್ಲ."

"ನಿನ್ನನ್ನ ಹಾಕು ಅಂದೋರ್ಯಾರು?" ಷಡ್ಡಕ ನಕ್ಕ. "ನಟ್ಟು ಬಿಚ್ಚಿ ನಟ್ಟು ಹಾಕೋಕೂ ಸ್ಪ್ಯಾನರ್ ಸಾಹೇಬ್ರ ಅಪ್ಪಣೆ ಬೇಕಾ? ಕ್ಲಬ್ಬಿನವರೆಲ್ಲರ ಎದುರಿಗೇ ನಾನೇ ಕೂತು ಹಾಕ್ತೀನಿ, ಹಾಕಿ ಬೆಟ್ಟ ಹತ್ತಿಸಿ ಇಳಿಸ್ತೀನಿ. ನೋಡ್ತಿರು."

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ. ಚಿಕ್ಕಳಿಯ ತಲೆತಗ್ಗಿಸಿ ಊಟ ಮುಗಿಸಿದ. ಸತ್ಯ ಹೇಳಿದ್ದಕ್ಕೂ ಮುಂದೊಂದು ದಿನ ಇಷ್ಟು ಪ್ರಯೋಜನ ಸಿಗುತ್ತದೆ ಎಂದು ಆಗ ಅವನಿಗೆ ಹೊಳೆದಿರಲಿಲ್ಲ.

ಕೆಲವು ದಿನ ಕಳೆದು, ಗ್ಯಾರೇಜಿಗೆ ರಜೆ ಇದ್ದ ಮಧ್ಯಾಹ್ನ, ಷಡ್ಡಕ ಕಾರನ್ನು ಹಿಂದಿನ ಗಲ್ಲಿಯಿಂದ ಒಳಗೆ ತಂದು ತಾನೇ ಶಟರ್ ಎಳೆದ. ಹಣೆಯ ಮೇಲೆ ಗ್ರೀಸು, ಹೆಬ್ಬೆರಳಿಗೆ ಬ್ಯಾಂಡೇಜು. ಕೈಯಲ್ಲಿ ಎರಡು ಪೆಟ್ಟಿಗೆ, ಒಂದರಲ್ಲಿ ಸ್ಪೇಸರುಗಳು, ಇನ್ನೊಂದರಲ್ಲಿ ಉದ್ದ ಸ್ಟಡ್ಡುಗಳು.

"ಆ ಹಾಳು ಸ್ಟಡ್ಡು ಅಲ್ಲಾಡ್ತಾನೂ ಇಲ್ಲ ಕಣಯ್ಯಾ," ಅಂದ ತಗ್ಗಿದ ದನಿಯಲ್ಲಿ. "ಸ್ಟಡ್ಡು ಮಾತ್ರ ನೀನು ಬದಲಾಯಿಸಿಕೊಡು. ಸ್ಪೇಸರ್ ನಾನು ಅಲ್ಲೇ ಎಲ್ಲರೆದುರು ಹಾಕ್ಕೋತೀನಿ. ಆದ್ರೆ ಒಂದು ಮಾತು, ನೀನು ಮುಟ್ಟಿದ್ದು ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು. ನನ್ನ ಹೆಂಡ್ತಿಗೂ ಹೇಳಿಲ್ಲ. ಎಲ್ಲಾ ನಾನೇ ಮಾಡ್ದೆ ಅಂತ ಕ್ಲಬ್ಬಲ್ಲಿ ಹೇಳಿಯಾಗಿದೆ."

"ಆಯ್ತು ಭಾವ," ಅಂದ ಚಿಕ್ಕಳಿಯ. "ನಾನು ಮುಟ್ಟೇ ಇಲ್ಲ ಅಂತ್ಲೇ ಇರ್ಲಿ."

ಆ ಮಾತು ತನ್ನ ಬಾಯಿಂದಲೇ ಹೊರಟು ತನ್ನ ಕಿವಿಗೆ ಬಿದ್ದಾಗ ಅವನು ತಡೆದು ನಿಂತ. ಮುಟ್ಟೇ ಇಲ್ಲ. ಷಡ್ಡಕ ಆಟೋ ಹತ್ತಿ ಹೋದ ಮೇಲೂ ಅವನು ಅಲ್ಲೇ, ಕಾರಿನ ಮೂತಿಯ ಮೇಲೆ ಅಂಗೈ ಇಟ್ಟುಕೊಂಡು, ಬಹಳ ಹೊತ್ತು ನಿಂತಿದ್ದ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರೆ. ಇಲ್ಲಿ ಹಾವೇ ಕೋಲನ್ನು ತಂದು ಕೈಗೆ ಕೊಟ್ಟು, ಹೊಡೆದವನು ನೀನಲ್ಲ ಎಂದು ತಾನೇ ಊರಿಗೆಲ್ಲ ಸಾರಲು ಹೊರಟಿತ್ತು. ಸ್ಟಡ್ಡು ಬದಲಾಯಿಸಬಾರದು. ಬದಲಾಯಿಸಿದ್ದೇನೆ ಎಂದು ಹೇಳಬೇಕು. ಅಷ್ಟೇ! ಒಂದು ಕೆಲಸ ಮಾಡುವುದರಲ್ಲಿ ಸುಳಿವು ಉಳಿದೀತು, ಮಾಡದೇ ಬಿಡುವುದರಲ್ಲಿ ಏನು ಉಳಿಯುತ್ತದೆ? ಷಡ್ಡಕ ನೂರು ಜನರ ಕಣ್ಣೆದುರು ತನ್ನ ಕೈಯಾರೆ ಸ್ಪೇಸರ್ ಇಡುತ್ತಾನೆ, ತನ್ನ ಕೈಯಾರೆ ನಟ್ಟು ಬಿಗಿಯುತ್ತಾನೆ. ನಟ್ಟು ಗಿಡ್ಡ ಸ್ಟಡ್ಡಿನ ತುದಿಯನ್ನಷ್ಟೇ ಕಚ್ಚಿ ಹಿಡಿದು ಬಿಗಿಯಾದಂತೆ ನಟಿಸುತ್ತದೆ. ಬಯಲಿನಲ್ಲಿ ಏನೂ ಆಗದು. ಬೆಟ್ಟ ಹತ್ತುವಾಗಲೂ ಆಗದೇ ಇರಬಹುದು. ಇಳಿಜಾರಿನ ತಿರುವುಗಳಲ್ಲಿ ಕಾರಿನ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬಿದ್ದಾಗ ಆ ತುದಿಯ ಥ್ರೆಡ್ಡು ಜೋಳದ ತೆನೆಯ ಕಾಳಿನಂತೆ ಉದುರುತ್ತದೆ. ಮೇಲೆ ಚಾವಣಿ ಇಲ್ಲ, ಸೀಟಿಗೆ ಬೆಲ್ಟ್ ಇಲ್ಲ. ಕೆಳಗೆ ಕಣಿವೆ ಇದೆ.

ಆಮೇಲೆ ಯಾರು ಏನು ಕೇಳಿಯಾರು? ಎಲ್ಲ ಮಾಡಿದ್ದು ನಾನೇ ಎಂದವನು ಸತ್ತವನೇ. ಸ್ಪೇಸರ್ ಬೇಡ ಎಂದವನು ಚಿಕ್ಕಳಿಯ, ಊಟದ ಮೇಜಿನ ಸುತ್ತ ಇದ್ದವರೆಲ್ಲ ಅದಕ್ಕೆ ಸಾಕ್ಷಿ, ನಕ್ಕ ಮಾವನೂ ಸೇರಿ. ಪೋಲೀಸರು ಯಾವ ಗ್ಯಾರೇಜಿನವನನ್ನು ಕರೆದು ತೋರಿಸಿದರೂ ಅವನು ತುಟಿ ವಕ್ರ ಮಾಡಿ, "ಅಯ್ಯೋ, ಸ್ಟಡ್ಡು ಬದಲಾಯಿಸದೇ ಹಾಕಿದ್ದಾರಲ್ರೀ" ಎಂದು ಹಳೇ ಕತೆಗೆ ಹೊಸದೊಂದನ್ನು ಸೇರಿಸಿಕೊಳ್ಳುತ್ತಾನೆ.

ಅವನು ಕೆಲಸಕ್ಕೆ ಕೂತ. ಮಾಡದೇ ಇರುವ ಕೆಲಸಕ್ಕೂ ಇಷ್ಟು ಕೆಲಸ ಇರುತ್ತದೆ ಎಂದು ಅವನಿಗೆ ಅಂದೇ ತಿಳಿದದ್ದು. ಚಕ್ರಗಳನ್ನು ಬಿಚ್ಚಿ, ಹಳೆಯ ಸ್ಟಡ್ಡುಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಹೊಸದೆಂದು ತಾನೇ ನಂಬುವಷ್ಟು ಹೊಳಪು ಬರಿಸಿದ. ಚಕ್ರಗಳನ್ನು ಮತ್ತೆ ಹಾಕಿ, ಮೇಲೆ ಬೆಳ್ಳಿಬಣ್ಣದ ವೀಲ್ ಕ್ಯಾಪುಗಳನ್ನು ತಟ್ಟಿ ಕೂರಿಸಿದ. ಅವು ಮುಚ್ಚಿದ ಮೇಲೆ ಒಳಗಿರುವುದು ಗಿಡ್ಡವೋ ಉದ್ದವೋ ಯಾರಿಗೆ ಕಂಡೀತು. ಕಾರನ್ನು ಷಡ್ಡಕನ ಮನೆಗೆ ಬಿಡಲು ಹೋದಾಗ ಉದ್ದ ಸ್ಟಡ್ಡುಗಳ ಪೆಟ್ಟಿಗೆಯನ್ನು ಮುದ್ರೆ ಒಡೆಯದೆ ಅಲ್ಲಿನ ಶೆಡ್ಡಿನ ಕಪಾಟಿನಲ್ಲಿ, ಪಾಲಿಶ್ ಡಬ್ಬಿಗಳ ಹಿಂದೆ ಇಟ್ಟ. ತನಿಖೆಗೆ ಬಂದವರಿಗೆ ಅದು ಸಿಗಬೇಕು. ಪಾಪ, ತಂದಿಟ್ಟುಕೊಂಡಿದ್ದ, ಹಾಕಲು ಬರಲಿಲ್ಲ ಎಂದು ಅವರು ಲೊಚಗುಟ್ಟಬೇಕು.

ಒಂದೇ ಅಪಾಯವಿತ್ತು. ಷಡ್ಡ‌ಕ ಪೌರುಷ ತೋರಿಸಲು ಹೋಗಿ ನಟ್ಟನ್ನು ಜೋರಾಗಿ ಜಗ್ಗಿದರೆ ಥ್ರೆಡ್ಡು ಅಲ್ಲೇ, ಎಲ್ಲರೆದುರೇ, ಕಿತ್ತು ಬಂದೀತು. ಅದಕ್ಕೂ ಮದ್ದು ಅರೆದಿಟ್ಟಿದ್ದ. "ಭಾವ, ಸ್ಪೇಸರ್ ಅಲ್ಯೂಮಿನಿಯಂದು. ಜಾಸ್ತಿ ಬಿಗಿದ್ರೆ ಬಿರುಕು ಬಿಡುತ್ತೆ. ಕೈಗೆ ಬಿಗಿ ಅನ್ನಿಸಿದ್ರೆ ಅಲ್ಲಿಗೇ ನಿಲ್ಸಿ."

"ಅಷ್ಟೂ ಗೊತ್ತಿಲ್ವೇನಯ್ಯಾ ನಂಗೆ?" ಅಂದ ಷಡ್ಡಕ. ಆಮೇಲೆ ಯಾಕೋ ಅವನ ಭುಜ ತಟ್ಟಿ, "ಥ್ಯಾಂಕ್ಸ್ ಕಣಯ್ಯಾ. ನೀನಿಲ್ದೆ ಇದ್ದಿದ್ರೆ ನನ್ನ ಮಾನ ಹೋಗಿರೋದು" ಅಂದ. ಅಷ್ಟು ವರ್ಷಗಳಲ್ಲಿ ಅವನು ಥ್ಯಾಂಕ್ಸ್ ಅಂದದ್ದು ಅದೇ ಮೊದಲು. ಚಿಕ್ಕಳಿಯನ ಎದೆ ಒಂದು ಗಳಿಗೆ ಅಳುಕಿತು. ಕಪಾಟಿನ ಕಡೆ ಕಣ್ಣು ಹೋಯಿತು. ಅಷ್ಟರಲ್ಲಿ ಷಡ್ಡಕ, "ಹೋಗ್ತಾ ಆ ಗೇಟಿನ ಚಿಲಕ ಸ್ವಲ್ಪ ನೋಡು, ಸಿಕ್ಕಾಕ್ಕೊಳ್ತಾ ಇದೆ" ಅಂದ. ಅಳುಕು ಅಲ್ಲಿಗೇ ಹೋಯಿತು. ಚಿಲಕವನ್ನೂ ಸರಿಮಾಡಿಕೊಟ್ಟೇ ಅವನು ಮನೆಗೆ ಬಂದ.

ಉಳಿದ ದಿನಗಳಲ್ಲಿ ಅವನನ್ನು ಕಾಡಿದ್ದು ಷಡ್ಡಕನ ಸಾವಲ್ಲ, ಕಾರಿನ ಗಾಯ. ಸ್ಕೂಟರಿನಲ್ಲಿ ಆ ಬೆಟ್ಟದ ರಸ್ತೆಗೆ ಹೋಗಿ ತಿರುವು ತಿರುವಿನಲ್ಲೂ ನಿಂತು ಲೆಕ್ಕ ಹಾಕಿದ. ಕಣಿವೆಯ ಕಡೆಯ ಚಕ್ರ ಕಳಚಿದರೆ ಇಬ್ಬರೂ ಹೋಗುತ್ತಾರೆ, ಷಡ್ಡಕನೂ ಕಾರೂ. ಬಂಡೆಯ ಕಡೆಯದು ಕಳಚಿದರೆ ಕಾರು ಬಂಡೆಗೆ ಒರಗಿ ನಿಲ್ಲುತ್ತದೆ, ಷಡ್ಡಕ ಮಾತ್ರ ಹಾರಿ ಹೊರಗೆ ಬೀಳುತ್ತಾನೆ. ಎರಡನೆಯದೇ ಆಗಲಿ ದೇವರೇ ಎಂದು ಅವನು ನಿಜಕ್ಕೂ ಬೇಡಿಕೊಂಡ. ಮಡ್‌ಗಾರ್ಡ್ ಹೋದೀತು, ಒಂದು ಆಕ್ಸೆಲ್ ಬಾಗೀತು, ಮೂತಿ ಸ್ವಲ್ಪ ನುಗ್ಗಾದೀತು. ಅದೆಲ್ಲ ಅವನ ಕೈಗೆ ದೊಡ್ಡದಲ್ಲ. ಸಾವು ಕಂಡ ಕಾರು ಮನೆಯಲ್ಲಿ ಯಾರಿಗೆ ಬೇಕು? "ತಗೊಂಡ್ಹೋಗಪ್ಪಾ, ನನ್ನ ಕಣ್ಣೆದುರು ಬೇಡ" ಎಂದು ಮಾವನೇ ಹೇಳುತ್ತಾರೆ. ಆಗ ಕೀಲಿ ಅವನ ಕೈಗೆ ಬರುತ್ತದೆ, ಕೇಳದೆಯೇ, ಯಾವ ಜಗಳವೂ ಇಲ್ಲದೆ. ಹೆಂಡತಿಯ ಅಕ್ಕನ ಬಗ್ಗೆಯೂ ಅವನು ಯೋಚಿಸಿದ, ಕೆಡುಕೆನಿಸಿತು. ಅವಳ ಮನೆಯ ನಲ್ಲಿ, ಚಿಲಕ ಎಲ್ಲವನ್ನೂ ತಾನೇ ನೋಡಿಕೊಳ್ಳುವೆನೆಂದು ಮನಸ್ಸಿನಲ್ಲೇ ಮಾತು ಕೊಟ್ಟ.

ಆ ದಿನ ಬಂತು. ಬೆಟ್ಟದ ಬುಡದ ಬಯಲಿನಲ್ಲಿ ಹಳೆಯ ಕಾರುಗಳೆಲ್ಲ ಮೈ ತೊಳೆದುಕೊಂಡು ಸಾಲಾಗಿ ನಿಂತಿದ್ದವು. ಹಿತವಾದ ಬಿಸಿಲು, ಒಂದು ಮೈಕು, ಮಡಚುವ ಕುರ್ಚಿಗಳು. ಮಾವ ಮುಂದಿನ ಸಾಲಿನಲ್ಲಿ, ಅಕ್ಕತಂಗಿಯರು ಅವರ ಹಿಂದೆ. ಚಿಕ್ಕಳಿಯ ಬೇಕೆಂದೇ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ಎಲ್ಲರಿಗೂ ಕಾಣುವ ಜಾಗದಲ್ಲಿ ನಿಂತಿದ್ದ. ಎರಡೂ ಕೈ ತುಂಬಿದವನು ಏನನ್ನು ತಾನೇ ಮುಟ್ಟಿಯಾನು! ಕಾಫಿ ಮುಗಿದ ಮೇಲೂ ಅವನು ಲೋಟ ಕೆಳಗಿಡಲಿಲ್ಲ.

ಷಡ್ಡಕ ಆ ಫೋಟೋದ ನೀಲಿ ಮೇಲಂಗಿಯನ್ನೇ ತೊಟ್ಟು ಬಂದಿದ್ದ. ಜಾಕು ಕೊಟ್ಟ, ವೀಲ್ ಕ್ಯಾಪು ತೆಗೆದ, ಮುಂದಿನ ಚಕ್ರ ಬಿಚ್ಚಿದ. ಕ್ಲಬ್ಬಿನವರು ಫೋನು ಹಿಡಿದು ವೀಡಿಯೋ ತೆಗೆಯುತ್ತಿದ್ದರು. ಅವನು ಸ್ಪೇಸರ್ ಬಿಲ್ಲೆಯನ್ನು ಎತ್ತಿ ಎಲ್ಲರಿಗೂ ತೋರಿಸಿ ಹಬ್ಬಿಗೆ ಕೂರಿಸಿ, ಚಕ್ರವನ್ನು ಎತ್ತಿಟ್ಟು, ಮೊದಲ ನಟ್ಟನ್ನು ಬೆರಳಿನಿಂದ ತಿರುಗಿಸತೊಡಗಿದ. ತಿರುಗಿಸಿ ನಿಲ್ಲಿಸಿದ. ಮತ್ತೆ ಬಿಚ್ಚಿದ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ನಿಧಾನವಾಗಿ ತಿರುಗಿಸಿದ. ಕ್ಯಾಮರಾಗೆ ಪೋಸು ಕೊಡುವುದರಲ್ಲಿ ಇವನನ್ನು ಮೀರಿಸುವವರಿಲ್ಲ ಎಂದುಕೊಂಡ ಚಿಕ್ಕಳಿಯ. ಷಡ್ಡಕ ಮುಖವೆತ್ತಿ ಗುಂಪಿನಲ್ಲಿ ಯಾರನ್ನೋ ಹುಡುಕಿದ. ಚಿಕ್ಕಳಿಯ ಸಿಕ್ಕಿದ. ಅವನನ್ನು ಒಂದಿಷ್ಟು ಹೊತ್ತು ನೋಡಿ, ಸಣ್ಣಗೆ ನಕ್ಕು, ಮತ್ತೆ ಕೆಲಸಕ್ಕೆ ಬಗ್ಗಿದ. ನಾಲ್ಕೂ ಚಕ್ರ ಹಾಕಿ, ನಟ್ಟುಗಳನ್ನು ಹೇಳಿಕೊಟ್ಟಷ್ಟೇ ಬಿಗಿದು, ವೀಲ್ ಕ್ಯಾಪು ಮುಚ್ಚಿ ಎದ್ದು ನಿಂತ. ಚಿಕ್ಕಳಿಯ ಖಾಲಿ ಲೋಟದಿಂದ ಇನ್ನೊಂದು ಗುಟುಕು ಕುಡಿದ.

ಷಡ್ಡಕ ಕೈ ಒರೆಸಿಕೊಳ್ಳುತ್ತ ಮೈಕಿನ ಹತ್ತಿರ ಹೋದ.

"ಒಂದು ಮಾತು ಹೇಳೋದಿದೆ," ಅಂದ. "ಈ ಕಾರನ್ನ ನಾನೇ ಕೈಯಾರೆ ಕಟ್ಟಿದೆ ಅಂತ ನಿಮಗೆಲ್ಲ ಹೇಳ್ಕೊಂಡು ಬಂದಿದ್ದೀನಿ. ಸುಳ್ಳು. ಇದರ ಒಂದೊಂದು ಮೊಳೇನೂ ನನ್ನ ಷಡ್ಡಕ ಹಾಕಿದ್ದು. ಅಗೋ ನೋಡಿ, ಕಾಫಿ ಲೋಟ ಹಿಡ್ಕೊಂಡು ಏನೂ ಗೊತ್ತಿಲ್ದವನ ಹಾಗೆ ನಿಂತಿದ್ದಾನೆ. ಹೋದ ವಾರ ಸ್ಪೇಸರಿಗೆ ಅಂತ ಉದ್ದ ಸ್ಟಡ್ಡು ಹಾಕಿಕೊಟ್ಟವನೂ ಅವನೇ. ಕ್ರೆಡಿಟ್ಟು ಅವನಿಗೆ ಸೇರಬೇಕು."

ಬಯಲೆಲ್ಲ ಚಪ್ಪಾಳೆ. ಮಾವ ಕುರ್ಚಿಯಿಂದ ಎದ್ದರು. ಅವರು ಎದ್ದದ್ದು ಚಿಕ್ಕಳಿಯನಿಗಾಗಿ! "ಹೌದು ಕಣಪ್ಪಾ, ಎಲ್ಲಾ ನೀನೇ ಮಾಡಿದ್ದು" ಎಂದು ಅವನ ತಲೆಯ ಮೇಲೆ ಕೈಯಿಟ್ಟರು. ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ನಗುತ್ತಿದ್ದಳು. ವರ್ಷಗಟ್ಟಲೆ ಶೆಡ್ಡಿನ ನೆಲದ ಮೇಲೆ ಅಂಗಾತ ಬಿದ್ದು ಅವನು ಬಯಸಿದ್ದು ಇದನ್ನೇ, ಇಷ್ಟನ್ನೇ. ಎಲ್ಲ ಮರೆತು ಅವನು ನಿಜವಾಗಿ ಸಂತೋಷಪಟ್ಟ.

"ಅದಕ್ಕೇ ಇವತ್ತು ಬೆಟ್ಟಕ್ಕೆ ಓಡಿಸೋನು ನಾನಲ್ಲ, ಅವನು," ಅಂದ ಷಡ್ಡಕ ಮೈಕಿನಲ್ಲಿ. ಹತ್ತಿರ ಬಂದು, ಲೋಟವನ್ನು ಇಸಿದುಕೊಂಡು, ಆ ಕೈಗೆ ಕೀಲಿ ಇಟ್ಟ.

"ನಾನಾ? ಬೇಡ ಭಾವ. ಬೆನ್ನು ನೋವು. ಲೈಸೆನ್ಸೂ ತಂದಿಲ್ಲ."

"ರೀ, ಲೈಸೆನ್ಸು ನನ್ನ ಬ್ಯಾಗಲ್ಲೇ ಇದೆ," ಅಂದಳು ಹೆಂಡತಿ. "ನಾನೂ ಬರ್ತೀನಿ. ಒಂದು ನಿಮಿಷ, ತಲೆಗೆ ಸ್ಕಾರ್ಫು ಕಟ್ಕೊಂಡು ಬರ್ತೀನಿ." ಚಿಕ್ಕ ಹುಡುಗಿಯಂತೆ ಓಡಿದಳು. ಕ್ಲಬ್ಬಿನವರು ಅವನನ್ನು ಬೆನ್ನು ತಟ್ಟಿ, ನೂಕಿ, ಸೀಟಿನಲ್ಲಿ ಕೂರಿಸಿದರು. ಮುಂದೆ ಕೆಂಪು ಮೂತಿ ಬಿಸಿಲಿಗೆ ಹೊಳೆಯುತ್ತಿತ್ತು. ಅದರಾಚೆ ಬೆಟ್ಟದ ರಸ್ತೆ ಸುತ್ತಿ ಸುತ್ತಿ ಮೇಲೆ ಹೋಗಿತ್ತು. ಸ್ಟಡ್ಡು ಗಿಡ್ಡ ಎಂದು ಕೂಗಿ ಹೇಳಬೇಕು. ಹಾಕಿದವನು ನೀನೇ ಅಲ್ಲವಾ, ಹಾಗಿದ್ದರೆ ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಏನು ಹೇಳಬೇಕು? ಅವನ ಕೈ ಕೀಲಿಯನ್ನು ಕಿಂಡಿಯತನಕ ಒಯ್ದು ಅಲ್ಲೇ ನಿಂತಿತು. ಕುತ್ತಿಗೆಯಿಂದ ಬೆವರು ಇಳಿಯಿತು.

ಷಡ್ಡಕ ಬಾಗಿಲಿಗೆ ಮೊಣಕೈ ಊರಿ ಬಗ್ಗಿದ. ಮುಖದಲ್ಲಿ ಅದೇ ಸಣ್ಣ ನಗು, ಸುತ್ತಲಿನವರಿಗೆ ಕಾಣಲೆಂದು. ದನಿ ಮಾತ್ರ ಬೇರೆ ಇತ್ತು.

"ಸ್ಟಡ್ಡು ಬದಲಾಯಿಸೋಕೆ ನೀನು ಮರೆತಿದ್ದೀಯ ಅಂತ್ಲೇ ಅಂದ್ಕೊಂಡೆ ಕಣೋ. ಆಮೇಲೆ, ನೋಡೇ ಬಿಡೋಣ ಅಂತ ಕೀಲಿ ಕೊಟ್ಟೆ. ಮರೆತವನಾಗಿದ್ರೆ ನೀನು ಕುಣೀತಾ ಹೊರಡ್ತಿದ್ದೆ, ನಾನೇ ಅಡ್ಡ ನಿಂತು ತಡೀತಿದ್ದೆ. ನಿಂಗೆ ಗೊತ್ತು. ಅದಕ್ಕೇ ಬೆವರ್ತಾ ಇದೀಯ."

"ನಿಮ್ಗೆ..." ಚಿಕ್ಕಳಿಯ ಕೀಲಿಯನ್ನು ಕೆಳಗಿಳಿಸಿದ. "ನಿಮ್ಗೆ ಹೇಗೆ ಗೊತ್ತಾಯ್ತು?"

ಹಲ್ಲಿನ ಡಾಕ್ಟರಾದವನು ಹಲ್ಲು ಕೀಳುತ್ತಾನೆ ಎಂದಷ್ಟೇ ಚಿಕ್ಕಳಿಯ ತಿಳಿದಿದ್ದ. ಕಿತ್ತ ಜಾಗಕ್ಕೆ ಏನು ಹಾಕುತ್ತಾನೆ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. "ಕೀಳೋದು ಎಲ್ಲೋ ಒಂದೊಂದು ಕಣಯ್ಯಾ," ಅಂದ ಷಡ್ಡಕ ಮೆಲ್ಲಗೆ, ಸ್ಕಾರ್ಫು ಕಟ್ಟಿಕೊಂಡು ಓಡಿ ಬರುತ್ತಿದ್ದ ನಾದಿನಿಗೆ ಅಲ್ಲೇ ಇರು ಎಂದು ಕೈಸನ್ನೆ ಮಾಡುತ್ತ. "ಬೆಳಗಿಂದ ಸಂಜೆ ತನಕ ನಾನು ಮಾಡೋದು ದವಡೆ ಮೂಳೆಗೆ ಸ್ಕ್ರೂ ತಿರುಗಿಸಿ ಕೂರಿಸೋದು, ಅದರ ಮೇಲೆ ಹೊಸ ಹಲ್ಲು ಕಟ್ಟೋದು. ಸ್ಕ್ರೂ ಎಷ್ಟು ಸುತ್ತು ಹಿಡೀತು ಅಂತ ಈ ಬೆರಳು ತಾನಾಗೇ ಎಣಿಸುತ್ತೆ, ಕಮ್ಮಿ ಹಿಡಿದಿದ್ರೆ ಯಾವ ಪೇಷಂಟನ್ನೂ ನಾನು ಕುರ್ಚಿಯಿಂದ ಏಳೋಕೆ ಬಿಡಲ್ಲ. ನಿನ್ನ ನಟ್ಟು ಹಿಡಿದಿದ್ದು ಎರಡೂವರೆ ಸುತ್ತು."